ನೆಲೆಯಿಲ್ಲದವರಿಗೆ ನೆಲೆಯಾದ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಹಸಿದು ಬಂದವನಿಗೆ ಅನ್ನವಿಕ್ಕುವುದು ಕನ್ನಡ ನಾಡಿನ ಮಠಮಾನ್ಯಗಳ ಹಳೆಯ ಸಂಪ್ರದಾಯ. ದಾಸೋಹದ ಒಲೆ ಆರಬಾರದೆಂಬುದು ಶರಣರಿಂದ ಬಂದ ಕಟ್ಟಳೆ. ಆದರೆ ಅನ್ನವೊಂದರಿಂದಲೇ ದಾಸೋಹ ಪೂರ್ಣವಾಗುವುದಿಲ್ಲ. ಉಂಡೆದ್ದ ಮಗು ಎಲ್ಲಿಗೆ ಹೋಗಬೇಕು, ನಾಳೆ ಯಾರ ಬಾಗಿಲಲ್ಲಿ ನಿಲ್ಲಬೇಕು, ದೊಡ್ಡದಾದ ಮೇಲೆ ಯಾವ ಕಸುಬಿನಿಂದ ಬಾಳಬೇಕು ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ. ಈ ಪ್ರಶ್ನೆಗಳಿಗೆ ತಮ್ಮ ಬಾಳನ್ನೇ ಉತ್ತರವಾಗಿತ್ತ ಮಹನೀಯರು ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು. ಸ್ವತಃ ಕಣ್ಣಿಲ್ಲದವರಾಗಿ ಹುಟ್ಟಿ, ಗುರುವಿನ ಕರುಣೆಯಿಂದ ಬೆಳೆದು, ತಮಗೆ ದೊರೆತ ಕರುಣೆಯನ್ನು ತಮ್ಮಲ್ಲಿಯೇ ನಿಲ್ಲಗೊಡದೆ ನೂರಾರು ಅಂಧ ಹಾಗೂ ಅನಾಥ ಬಾಲಕರಿಗೆ ಹರಿಯಿಸಿದ ಆ ಪುಣ್ಯಪುರುಷರ ಚರಿತ್ರೆ ಸಂಗೀತಗಾರರಿಗೆ ಮಾತ್ರ ಸೇರಿದ್ದಲ್ಲ. ಮಕ್ಕಳ ಬಾಳಿನ ಹೊಣೆ ಹೊತ್ತ ಶಿಕ್ಷಕರಿಗೂ, ಆ ಹೊಣೆಗೆ ಹೆಗಲು ಕೊಡುವ ದಾನಿಗಳಿಗೂ ಸೇರಿದ್ದು.

ಕಾಲದ ಹಿನ್ನೆಲೆ

ಗವಾಯಿಗಳವರು ಹುಟ್ಟಿ ಬೆಳೆದ ಕಾಲ ಉತ್ತರ ಕರ್ನಾಟಕದ ಪಾಲಿಗೆ ಸುಭಿಕ್ಷದ ಕಾಲವಲ್ಲ. 1876ರಿಂದ 1878ರವರೆಗಿನ ಭೀಕರ ಕ್ಷಾಮದ ನೆನಪು ಜನರ ಮನಸ್ಸಿನಿಂದ ಇನ್ನೂ ಮಾಸಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ವರ್ಷಗಳಲ್ಲಿ ಧಾರವಾಡ-ಹುಬ್ಬಳ್ಳಿಗಳ ಕಡೆಗೂ ಹಬ್ಬಿ ಊರೂರುಗಳನ್ನು ಬರಿದುಮಾಡಿತು. ಅದರ ಬೆನ್ನಿಗೆ 1899-1900ರ ಬರ ಬಂದಿತು. 1918ರಲ್ಲಿ ಇನ್‌ಫ್ಲುಯೆಂಜಾ ಬೇನೆ ಮನೆಮನೆಯ ಕದ ತಟ್ಟಿತು. ಇಂಥ ಒಂದೊಂದು ವಿಪತ್ತೂ ತನ್ನ ಹಿಂದೆ ತಬ್ಬಲಿ ಮಕ್ಕಳನ್ನು ಬಿಟ್ಟುಹೋಗುತ್ತಿತ್ತು. ಸಿಡುಬು ಅನೇಕ ಹಸುಳೆಗಳ ಪ್ರಾಣವನ್ನು ಉಳಿಸಿದರೂ ಕಣ್ಣನ್ನು ಉಳಿಸುತ್ತಿರಲಿಲ್ಲ.

ಕಣ್ಣಿಲ್ಲದ ಬಡ ಮಗುವಿಗೆ ಆಗ ತೆರೆದಿದ್ದ ದಾರಿ ಒಂದೇ: ದೇವಾಲಯದ ಮೆಟ್ಟಿಲು, ಸಂತೆಯ ಮೂಲೆ, ಕೈಯಲ್ಲೊಂದು ಪಾತ್ರೆ. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ 1887ರಲ್ಲಿ ದೂರದ ಅಮೃತಸರದಲ್ಲಿ ಆರಂಭವಾಗಿತ್ತು. ಮೈಸೂರಿನಲ್ಲಿ 1901ರಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆಯೊಂದು ತೆರೆಯಿತು. ಭಾರತೀಯ ಭಾಷೆಗಳಿಗೆಲ್ಲ ಏಕರೂಪವಾದ ಬ್ರೈಲ್ ಲಿಪಿ ಒಪ್ಪಿತವಾದದ್ದು 1951ರಷ್ಟು ಈಚೆಗೆ. ಹಾನಗಲ್ಲ ಸೀಮೆಯ ಹಳ್ಳಿಯಲ್ಲಿ ಹುಟ್ಟಿದ ಕುರುಡು ಬಾಲಕನಿಗೆ ಇವು ಯಾವುವೂ ಎಟಕುವಂತಿರಲಿಲ್ಲ. ಅವನ ಪಾಲಿಗೆ ಪುಸ್ತಕ ಮುಚ್ಚಿತ್ತು, ತೆರೆದಿದ್ದುದು ಕಿವಿಯೊಂದೇ.

ಜನನ ಮತ್ತು ಗುರುಕಾರುಣ್ಯ

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಸಣ್ಣ ಗ್ರಾಮ. ಅಲ್ಲಿಯ ಚರಂತಿಮಠದ ಗುರುಪಾದಯ್ಯ ಹಾಗೂ ನೀಲಮ್ಮ ಎಂಬ ಸಾತ್ವಿಕ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು, ಗುರುಬಸಯ್ಯ ಮತ್ತು ಗದಿಗೆಯ್ಯ. ಇಬ್ಬರಿಗೂ ಕಣ್ಣಿಲ್ಲ. 1892ರ ಫೆಬ್ರುವರಿ 2ರಂದು ಜನಿಸಿದ ಕಿರಿಯವನಾದ ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿಗಳೆಂದು ನಾಡಿನಲ್ಲೆಲ್ಲ ಹೆಸರಾದವರು. ಬಡ ಜಂಗಮರ ಮನೆಯಲ್ಲಿ ಒಂದಲ್ಲ, ಎರಡು ಮಕ್ಕಳು ದೃಷ್ಟಿಹೀನರಾಗಿ ಹುಟ್ಟಿದಾಗ ತಾಯಿಯ ಕರುಳು ಎಷ್ಟು ನೊಂದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಮಕ್ಕಳ ಕಂಠದಲ್ಲಿ ಇಂಪಿತ್ತು. ಒಮ್ಮೆ ಕೇಳಿದ ಹಾಡು ಅವರ ಮನಸ್ಸಿನಿಂದ ಜಾರುತ್ತಿರಲಿಲ್ಲ.

ಆ ಕಂಠವನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳು. 1867ರಲ್ಲಿ ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಬಡ ಕುಟುಂಬದಲ್ಲಿ ಜನಿಸಿದ ಆ ಮಹಾತ್ಮರು ಸಮಾಜದ ಏಳಿಗೆಗಾಗಿ ತಮ್ಮ ತಪಸ್ಸನ್ನೆಲ್ಲ ಧಾರೆಯೆರೆದವರು. 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆಗೂ ಅವರೇ ಕಾರಣಪುರುಷರು. ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದವರು ಬೆಳಗಾವಿ ಜಿಲ್ಲೆಯ ತ್ಯಾಗವೀರ ಸಿರಸಂಗಿ ಲಿಂಗರಾಜರು. ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಬರೆದಿಟ್ಟು 1906ರಲ್ಲಿ ಅವರು ತೀರಿಕೊಂಡರು. ದೊರೆಯೊಬ್ಬನು ಆಸ್ತಿಯನ್ನಿತ್ತರೆ, ವಿರಕ್ತರೊಬ್ಬರು ಆಯುಷ್ಯವನ್ನಿತ್ತರು. ಇವೆರಡೂ ಒಂದೇ ಚಿಂತನೆಯ ಫಲಗಳು. ಸಮಾಜದ ಮಗು ಸಮಾಜದ ಹೊಣೆ ಎಂಬುದೇ ಆ ಚಿಂತನೆ.

ಅಂಧ ಸಹೋದರರನ್ನು ಕಂಡಾಗ ಕುಮಾರ ಮಹಾಸ್ವಾಮಿಗಳು ಮರುಕಪಟ್ಟು ಕಾಣಿಕೆ ಕೊಟ್ಟು ಕಳುಹಿಸಲಿಲ್ಲ. ಹಾಗೆ ಮಾಡಿದ್ದರೆ ನಾಲ್ಕು ದಿನದ ಊಟ ಸಾಗುತ್ತಿತ್ತು, ಐದನೆಯ ದಿನ ಮತ್ತೆ ಅದೇ ಬಾಗಿಲು. ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಅವರಿಗೆ ಸಂಗೀತವಿದ್ಯೆಯನ್ನು ಕೊಡಿಸುವ ಏರ್ಪಾಡು ಮಾಡಿದರು. ಗದಿಗೆಯ್ಯನಿಗೆ ಪಂಚಾಕ್ಷರನೆಂಬ ಹೆಸರಾಯಿತು. ದಕ್ಷಿಣಾದಿ ಸಂಗೀತದ ಪಾಠಕ್ಕಾಗಿ ಅವನನ್ನು ಮೈಸೂರಿನವರೆಗೂ ಕಳುಹಿಸಿದರು. ಅಷ್ಟಕ್ಕೇ ತೃಪ್ತರಾಗದೆ, ಉತ್ತರಾದಿ ಸಂಗೀತವನ್ನು ಕಲಿಸಲು ಮಿರಜಿನ ನೀಲಕಂಠಬುವಾ ಅವರನ್ನು ಶಿವಯೋಗಮಂದಿರಕ್ಕೆ ಕರೆಯಿಸಿಕೊಂಡರು. ಇದೇ ನೀಲಕಂಠಬುವಾ ಅವರಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ತಮ್ಮ ಎಳವೆಯಲ್ಲಿ ಕಲಿತರೆಂಬುದನ್ನು ನೆನೆದರೆ ಆ ಗುರುವಿನ ಯೋಗ್ಯತೆ ಎಂಥದೆಂಬುದು ತಿಳಿಯುತ್ತದೆ. ಗವಾಯಿಗಳವರು ಮುಂದೆ ಕಿರಾನಾ ಘರಾಣೆಯ ಉಸ್ತಾದ ವಹೀದಖಾನರಿಂದಲೂ ಮಾರ್ಗದರ್ಶನ ಪಡೆದರು.

ಹಳ್ಳಿಯ ಕುರುಡು ಬಾಲಕನಿಗೆ ಎರಡು ಪದ್ಧತಿಗಳ ಶ್ರೇಷ್ಠ ವಿದ್ಯೆಯನ್ನು ಕೊಡಿಸಲು ಮಠವೊಂದು ಇಷ್ಟು ವೆಚ್ಚವನ್ನೂ ಇಷ್ಟು ವರ್ಷಗಳ ತಾಳ್ಮೆಯನ್ನೂ ವಿನಿಯೋಗಿಸಿತೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅನಾಥನಿಗೆ ಅರೆಬರೆ ವಿದ್ಯೆ ಸಾಕೆಂಬ ಭಾವನೆ ಸಾಮಾನ್ಯವಾಗಿ ಲೋಕದಲ್ಲಿ ಕಂಡುಬರುತ್ತದೆ. ಕುಮಾರ ಮಹಾಸ್ವಾಮಿಗಳು ಹಾಗೆ ಎಣಿಸಲಿಲ್ಲ. ಕೊಡುವುದಾದರೆ ಉತ್ತಮವಾದುದನ್ನೇ ಕೊಡಬೇಕು ಎಂಬುದು ಅವರ ನಿಲುವು. ಆ ನಿಲುವಿನ ಫಲವಾಗಿಯೇ ಪಂಚಾಕ್ಷರ ಗವಾಯಿಗಳವರು ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಸಮಾನ ಪ್ರಭುತ್ವ ಪಡೆದು, ಉಭಯಗಾನ ವಿಶಾರದರೆಂದು ವಿದ್ವಾಂಸರಿಂದ ಮನ್ನಣೆಗೊಂಡರು. ಗಾಯನವಲ್ಲದೆ ತಬಲಾ, ಹಾರ್ಮೋನಿಯಂ ಮೊದಲಾದ ವಾದ್ಯಗಳಲ್ಲಿಯೂ ಅವರಿಗೆ ಗತಿಯಿತ್ತು.

ಸಂಚಾರಿ ಪಾಠಶಾಲೆ

ವಿದ್ಯೆ ಕೈಗೂಡಿದ ಮೇಲೆ ಗವಾಯಿಗಳವರ ಎದುರಿಗೆ ಎರಡು ಮಾರ್ಗಗಳಿದ್ದವು. ಸಂಸ್ಥಾನಿಕರ ಆಶ್ರಯವನ್ನೋ ಮಹಾನಗರಗಳ ಸಂಗೀತಸಭೆಗಳನ್ನೋ ಸೇರಿ ಕೀರ್ತಿಯನ್ನೂ ಧನವನ್ನೂ ಸಂಪಾದಿಸುವುದು ಒಂದು ಮಾರ್ಗ. ತಮ್ಮಂತೆಯೇ ಕಣ್ಣಿಲ್ಲದೆ, ದಿಕ್ಕಿಲ್ಲದೆ ಇರುವ ಮಕ್ಕಳಿಗೆ ಗುರುಗಳು ತಮಗೆ ಮಾಡಿದ್ದನ್ನು ತಾವು ಮಾಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ವಿವಾಹವಾಗಲಿಲ್ಲ, ಸ್ವಂತ ಮನೆ ಕಟ್ಟಲಿಲ್ಲ. 1914ರಲ್ಲಿ ಶಿವಯೋಗಮಂದಿರದ ಶಾಖೆಯಾಗಿದ್ದ ನಿಡಗುಂದಿಕೊಪ್ಪದಲ್ಲಿ ಕುಮಾರ ಮಹಾಸ್ವಾಮಿಗಳ ಅಪ್ಪಣೆ ಪಡೆದು ಈ ಕಾರ್ಯಕ್ಕೆ ತೊಡಗಿದರೆಂದು ಆಶ್ರಮದ ಪರಂಪರೆ ಸ್ಮರಿಸುತ್ತದೆ.

ಇದು ಕಟ್ಟಡವಿಲ್ಲದ ಶಾಲೆ. ಗುರುವೂ ಶಿಷ್ಯರೂ ಕೂಡಿ ಊರಿಂದೂರಿಗೆ ಸಂಚರಿಸುತ್ತಿದ್ದರು. ಒಂದು ಊರಿನ ಜಾತ್ರೆ, ಇನ್ನೊಂದು ಊರಿನ ಪುರಾಣಮಂಗಲ, ಮತ್ತೊಂದು ಮಠದ ಪುಣ್ಯತಿಥಿ, ಎಲ್ಲಿ ಕರೆ ಬಂದರೆ ಅಲ್ಲಿ ಸಂಗೀತಸೇವೆ, ಕೀರ್ತನ. ಭಕ್ತರು ಇತ್ತ ಜೋಳ, ಬೇಳೆ, ಕಾಣಿಕೆಗಳೇ ಶಾಲೆಯ ಆದಾಯ. ಮಠದ ಪಡಸಾಲೆಯೇ ವಸತಿ, ಗುಡಿಯ ಕಟ್ಟೆಯೇ ಪಾಠದ ಕೋಣೆ. ಸುಗ್ಗಿ ಚೆನ್ನಾಗಿದ್ದ ವರ್ಷ ಜೋಳಿಗೆ ತುಂಬುತ್ತಿತ್ತು. ಮಳೆ ಕೈಕೊಟ್ಟ ವರ್ಷ ಕೊಡುವವರ ಮನೆಯಲ್ಲಿಯೇ ಕಾಳು ಇರುತ್ತಿರಲಿಲ್ಲ. ಆದರೂ ಬಂದ ಮಗುವನ್ನು ಸ್ಥಳವಿಲ್ಲವೆಂದು ಹಿಂದಕ್ಕೆ ಕಳುಹಿಸುವುದು ಗವಾಯಿಗಳವರಿಂದ ಆಗುತ್ತಿರಲಿಲ್ಲ. ಒಬ್ಬ ಬಾಲಕ ಹೆಚ್ಚಾದರೆ ಪಂಕ್ತಿಯಲ್ಲಿ ಒಂದು ತಟ್ಟೆ ಹೆಚ್ಚಾಗುತ್ತಿತ್ತು. ಕಾಳು ಮಾತ್ರ ಅಷ್ಟೇ ಇರುತ್ತಿತ್ತು.

ಬೋಧನಕ್ರಮವೂ ವಿಶಿಷ್ಟವಾದುದು. ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಕಲಿಸಬೇಕು. ಹಲಗೆಯ ಮೇಲೆ ಬರೆದು ತೋರಿಸುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ. ಶಿಷ್ಯನ ಬೆರಳನ್ನು ಹಿಡಿದು ತಂಬೂರಿಯ ತಂತಿಯ ಮೇಲಿಡಬೇಕು. ಅಂಗೈಯನ್ನು ಹಿಡಿದು ತಬಲಾದ ಮೇಲೆ ಕೂರಿಸಬೇಕು. ತಾಳದ ಎಣಿಕೆಯನ್ನು ತೊಡೆಯ ಮೇಲೆ ತಟ್ಟಿ ಮೈಗೆ ಹತ್ತಿಸಬೇಕು. ಒಂದು ಸ್ವರಾವಳಿ ತಪ್ಪಿಲ್ಲದೆ ಬರುವವರೆಗೆ ನೂರು ಸಲ ಹೇಳಬೇಕು. ಇಂಥ ಪಾಠದಲ್ಲಿ ಗುರುವಿಗೆ ಕೋಪ ಬಂದರೆ ಶಿಷ್ಯನಿಗೆ ದಾರಿಯೇ ಇಲ್ಲ. ಹಿರಿಯ ಶಿಷ್ಯರು ಕಿರಿಯರಿಗೆ ಪಾಠ ಒಪ್ಪಿಸುವುದು, ಅಲ್ಪಸ್ವಲ್ಪ ದೃಷ್ಟಿಯುಳ್ಳವರು ಇಲ್ಲದವರ ಕೈಹಿಡಿದು ನಡೆಸುವುದು ಇಂಥ ಗುರುಕುಲದ ಸಹಜ ಧರ್ಮ. ತನಗಿಂತ ದುರ್ಬಲನಾದವನ ಕೈ ಹಿಡಿದ ಮಗು ತಾನು ಅನಾಥನೆಂಬುದನ್ನು ಮರೆಯುತ್ತದೆ.

ಕೇವಲ ಅಂಧರಿಗಲ್ಲದೆ ತಬ್ಬಲಿಗಳಿಗೂ ಬಡವರಿಗೂ ಈ ಶಾಲೆಯ ಬಾಗಿಲು ತೆರೆದಿತ್ತು. ಜಾತಿ-ಕುಲಗಳು ಅಲ್ಲಿ ಅಡ್ಡಬರಲಿಲ್ಲ. ಸ್ವರಕ್ಕೆ ಕುಲವಿಲ್ಲ, ಹಸಿವೆಗೂ ಕುಲವಿಲ್ಲ ಎಂಬುದನ್ನು ಗವಾಯಿಗಳವರು ಉಪನ್ಯಾಸ ಮಾಡಿ ಸಾರಲಿಲ್ಲ. ಒಂದೇ ಪಂಕ್ತಿಯಲ್ಲಿ ಉಣಿಸಿ, ಒಂದೇ ಶ್ರುತಿಯಲ್ಲಿ ಹಾಡಿಸಿ ತೋರಿಸಿದರು. ಅವರ ಶಿಷ್ಯವರ್ಗದಲ್ಲಿ ಬಸವರಾಜ ರಾಜಗುರು, ಅರ್ಜುನಸಾ ನಾಕೋಡರಂತಹ ಬೇರೆಬೇರೆ ಮನೆತನಗಳ ಗಾಯಕರು ಬೆಳೆದುಬಂದುದು ಇದಕ್ಕೆ ಸಾಕ್ಷಿ. ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡುವ ಪರಿಪಾಠ ಜನಮನದಲ್ಲಿ ನೆಲೆಯೂರುವುದಕ್ಕೂ ಗವಾಯಿಗಳವರ ಮತ್ತು ಅವರ ಶಿಷ್ಯರ ಸೇವೆ ಬಹುಮಟ್ಟಿಗೆ ಕಾರಣವಾಯಿತು.

ಗುರುವಿಯೋಗ ಮತ್ತು ನಾಟ್ಯಸಂಘ

1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಗವಾಯಿಗಳವರ ಪಾಲಿಗೆ ಇದು ಎರಡನೆಯ ಸಲ ಕಣ್ಣು ಕಳೆದುಕೊಂಡಂತೆ. ಗುರುವಿದ್ದಾಗ ಕಷ್ಟವನ್ನು ಹೇಳಿಕೊಳ್ಳಲು ಒಂದು ಪಾದವಿತ್ತು. ಈಗ ಹೇಳಿಕೊಳ್ಳುವವರೂ ಕೇಳುವವರೂ ತಾವೇ ಆಗಬೇಕಾಯಿತು. ಮಕ್ಕಳ ಸಂಖ್ಯೆ ಬೆಳೆಯುತ್ತಲಿತ್ತು. ಜೋಳಿಗೆಯೊಂದರಿಂದ ಅಷ್ಟೂ ಬಾಯಿಗಳು ತುಂಬುವಂತಿರಲಿಲ್ಲ.

ಗವಾಯಿಗಳವರು ಇದಕ್ಕೆ ಕಂಡುಕೊಂಡ ದಾರಿ ನಾಟಕ. ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವೆಂಬ ಮಂಡಳಿಯನ್ನು ಕಟ್ಟಿ, ಅದರ ಗಳಿಕೆಯನ್ನು ಮಕ್ಕಳ ಅನ್ನಕ್ಕೂ ವಿದ್ಯೆಗೂ ಒದಗಿಸತೊಡಗಿದರು. ನಾಟಕವೆಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಕಾಲವದು. ಮಠದ ನೆರಳಿನಲ್ಲಿ ಬೆಳೆದ ಶಿವಯೋಗಿಯೊಬ್ಬರು ಬಣ್ಣದ ಲೋಕಕ್ಕೆ ಕೈಹಾಕುವುದು ಸಣ್ಣ ಸಾಹಸವಲ್ಲ. ಆದರೆ ಗೋಕಾವಿ ನಾಡಿನವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನೂ, ಅದನ್ನಾಡಿ ಹೆಸರಾದ ಕೌಜಲಗಿ ನಿಂಗಮ್ಮನನ್ನೂ ಕಂಡ ನಾಡಿದು. ರಾತ್ರಿಯಿಡೀ ಕುಳಿತು ಆಟ ನೋಡುವ ಜನ, ಆಟ ಮುಗಿದ ಮೇಲೆ ಕಲಾವಿದನ ಹೊಟ್ಟೆಯನ್ನೂ ನೋಡುತ್ತಾರೆಂಬುದು ಇಲ್ಲಿಯ ಅನುಭವ. ಗವಾಯಿಗಳವರ ಮಂಡಳಿಯಲ್ಲಿ ಕಣ್ಣಿಲ್ಲದ ಮಕ್ಕಳು ಮರುಕದ ಪಾತ್ರಗಳಾಗಿ ಜನರೆದುರಿಗೆ ನಿಲ್ಲಲಿಲ್ಲ, ನುರಿತ ವಾದಕರಾಗಿ, ಗಾಯಕರಾಗಿ ನಿಂತರು. ಟಿಕೀಟಿನ ಹಣ ಭಿಕ್ಷೆಯಲ್ಲ, ಕಾಯಕದ ಫಲ. ಬೇಡುವ ಕೈಯನ್ನು ದುಡಿಯುವ ಕೈಯಾಗಿ ಮಾಡಿದ ಈ ಬದಲಾವಣೆಯೇ ಗವಾಯಿಗಳವರ ಸೇವೆಯ ಸಾರ.

ನಾಟಕ ಮಂಡಳಿ ಎಂದಮೇಲೆ ಏಳುಬೀಳುಗಳು ತಪ್ಪಿದ್ದಲ್ಲ. ಒಂದು ಊರಿನಲ್ಲಿ ಜನ ಕಿಕ್ಕಿರಿದರೆ ಇನ್ನೊಂದು ಊರಿನಲ್ಲಿ ಮಳೆ ಸುರಿದು ಗುಡಾರ ಬರಿದಾಗುತ್ತದೆ. ಸಾಮಾನು ಸಾಗಿಸುವ ವೆಚ್ಚಕ್ಕೂ ಸಾಲ ಮಾಡಬೇಕಾಗುತ್ತದೆ. ಈ ಆತಂಕಗಳ ನಡುವೆಯೂ ಪಾಠ ಮಾತ್ರ ನಿಲ್ಲಲಿಲ್ಲ.

ಹಂಪೆಯ ಆ ಸಭೆ

ಗವಾಯಿಗಳವರು ಎಂಥ ಗುರುಗಳಾಗಿದ್ದರೆಂಬುದನ್ನು ಒಂದು ಪ್ರಸಂಗ ತೋರಿಸಿಕೊಡುತ್ತದೆ. ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರು ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ. ತಂದೆ ಕರ್ನಾಟಕ ಸಂಗೀತ ಬಲ್ಲವರು; ಮಗನಿಗೂ ಹಾಡುವ ಹಂಬಲ. ನಾಟಕ ಕಂಪನಿಗಳ ಸುತ್ತ ಅಲೆಯುತ್ತಿದ್ದ ಆ ಹುಡುಗನ ಕಂಠಸಿರಿಯನ್ನು ಕೇಳಿದ ಗವಾಯಿಗಳವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ಹಲವು ವರ್ಷ ಶ್ರಮವಹಿಸಿ ತಿದ್ದಿದರು.

1336ರಲ್ಲಿ ಸ್ಥಾಪನೆಗೊಂಡ ವಿಜಯನಗರ ಸಾಮ್ರಾಜ್ಯದ 600ನೆಯ ವರ್ಷದ ಉತ್ಸವ 1936ರಲ್ಲಿ ಹಂಪೆಯಲ್ಲಿ ನೆರವೇರಿತು. ನಾಡಿನ ಗಣ್ಯರು ಕೂಡಿದ್ದ ಆ ಮಹಾಸಭೆಯಲ್ಲಿ ಗವಾಯಿಗಳವರು ಹಾಡಲು ತಮ್ಮ ತರುಣ ಶಿಷ್ಯನನ್ನು ಮುಂದೆ ಕೂರಿಸಿದರು. ತಾವು ಪಕ್ಕಕ್ಕೆ ಸರಿದು ತಬಲಾ ಹಿಡಿದರು. ಉಭಯಗಾನ ವಿಶಾರದನೆನಿಸಿದ ಗುರು, ಇನ್ನೂ ಇಪ್ಪತ್ತರ ಹರೆಯ ದಾಟದ ಹುಡುಗನಿಗೆ ಸಾಥಿಯಾಗಿ ಕುಳಿತ ಆ ದೃಶ್ಯ ಸಂಗೀತದ ಇತಿಹಾಸದಲ್ಲಿ ಅಪರೂಪವಾದುದು. ವೇದಿಕೆಯ ಅಳುಕಿನಿಂದ ಶಿಷ್ಯನ ಲಯ ತಪ್ಪಿದರೆ ಹಿಡಿದು ನಿಲ್ಲಿಸಲು ಗುರುವಿನ ಕೈಯೇ ತಬಲಾದ ಮೇಲಿದೆ. ಕೀರ್ತಿ ಬಂದರೆ ಅದು ಮಾತ್ರ ಶಿಷ್ಯನಿಗೆ. ಆ ಸಭೆಯಿಂದಲೇ ಬಸವರಾಜ ರಾಜಗುರುಗಳ ಸಂಗೀತಯಾತ್ರೆ ಮೊದಲಾಯಿತು. ಮುಂದೆ ಅವರು ಅಖಿಲ ಭಾರತ ಖ್ಯಾತಿಯ ಗಾಯಕರಾಗಿ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಗೆ ಪಾತ್ರರಾಗಿ ಅದೇ 1991ರಲ್ಲಿ ನಿಧನ ಹೊಂದಿದರು. ತಂದೆಯಿಲ್ಲದ ಹುಡುಗನೊಬ್ಬನಿಗೆ ಸಕಾಲದಲ್ಲಿ ಒಂದು ಆಸರೆ ಸಿಕ್ಕಿದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದೇವಗಿರಿಯ ಬಾಲಕ

ಎರಡನೆಯ ನಿದರ್ಶನ ಇನ್ನೂ ಹೃದಯಂಗಮವಾದುದು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ರೇವಯ್ಯ ವೆಂಕಟಾಪುರಮಠ ಮತ್ತು ಸಿದ್ದಮ್ಮ ದಂಪತಿಗಳಿಗೆ ಒಬ್ಬ ಮಗ ಜನಿಸಿದ. ಶೈಶವದಲ್ಲಿಯೇ ಕಣ್ಣು ಹೋಯಿತು. ವರ್ಷ ತುಂಬುವುದರೊಳಗೆ ತಂದೆಯೂ ತೀರಿಹೋದರು. ಸೋದರಮಾವ ಚಂದ್ರಶೇಖರಯ್ಯನವರು ಮಗುವನ್ನು ಸಾಕಿದರು. ಮಾವನ ಹಾರ್ಮೋನಿಯಂ ಮೇಲೆ ಆ ಮಗುವಿನ ಎಳೆಬೆರಳುಗಳು ತಾವಾಗಿಯೇ ಸ್ವರ ಹುಡುಕುವುದನ್ನು ಕಂಡು ಅವರು ಅವನನ್ನು ಪಂಚಾಕ್ಷರ ಗವಾಯಿಗಳವರಿಗೆ ಒಪ್ಪಿಸಿದರು. ಆ ಬಾಲಕನೇ ಮುಂದೆ ನಾಡೆಲ್ಲ ಪೂಜಿಸಿದ ಪಂಡಿತ ಪುಟ್ಟರಾಜ ಗವಾಯಿಗಳು.

ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನಿಗೆ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಏನಾಗಿದ್ದರೋ, ದೇವಗಿರಿಯ ಪುಟ್ಟಯ್ಯನಿಗೆ ಪಂಚಾಕ್ಷರ ಗವಾಯಿಗಳು ಅದೇ ಆದರು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿದಂತೆ ಇದು ನಡೆಯಿತು. ವ್ಯತ್ಯಾಸವೊಂದುಂಟು: ಮೊದಲ ದೀಪ ಹಚ್ಚಿದವರಿಗೆ ಕಣ್ಣಿತ್ತು, ಎರಡನೆಯದನ್ನು ಹಚ್ಚಿದವರಿಗೆ ಇರಲಿಲ್ಲ. ಕತ್ತಲೆ ಏನೆಂದು ತಾನೇ ಬಲ್ಲವನು ಇನ್ನೊಬ್ಬನ ಕತ್ತಲೆಯಲ್ಲಿ ನಡೆದುಹೋಗಿ ಕೈಹಿಡಿಯಬಲ್ಲನು. ಆದ್ದರಿಂದಲೇ ಗವಾಯಿಗಳವರ ಮಕ್ಕಳಿಗೆ ಅವರು ಉಪಕಾರಿಯಂತೆ ತೋರಲಿಲ್ಲ. ತಮ್ಮವರೇ ಆಗಿ ತೋರಿದರು.

ಗದಗಿನ ನೆಲೆ ಮತ್ತು ಲಿಂಗೈಕ್ಯ

ದಶಕಗಳ ಸಂಚಾರದ ನಂತರ, ಬಾಳಿನ ಸಂಜೆಯಲ್ಲಿ ಗವಾಯಿಗಳವರ ಪಾಠಶಾಲೆ ಗದಗಿನಲ್ಲಿ ನೆಲೆಯೂರಿತು. ಗದಗಿನ ಉದಾರಿಗಳಾದ ಬಸರಿಗಿಡದ ವೀರಪ್ಪನವರು ಅದಕ್ಕೆ ಸ್ಥಳವನ್ನಿತ್ತು ಉಪಕರಿಸಿದರು. ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ ಅದು ಲೋಕವಿಖ್ಯಾತವಾಯಿತು. ಅಲ್ಲಿಯವರೆಗೆ ಚಾವಣಿಗಾಗಿ ಪ್ರತಿ ಊರಿನಲ್ಲಿಯೂ ಕೇಳಬೇಕಾಗಿದ್ದ ಮಕ್ಕಳಿಗೆ ತಮ್ಮದೆಂದು ಹೇಳಿಕೊಳ್ಳುವ ಒಂದು ಹೊಸ್ತಿಲು ದೊರೆಯಿತು. ಕಣ್ಣಿಲ್ಲದ ಮಗುವಿಗೆ ಹೊಸ್ತಿಲಿನ ಬೆಲೆ ಕಣ್ಣಿರುವವರಿಗಿಂತ ಹೆಚ್ಚು ಗೊತ್ತು. ಪ್ರತಿದಿನ ಅದೇ ಕಂಬ, ಅದೇ ಬಾವಿ, ಅದೇ ಮೆಟ್ಟಿಲು ಇದ್ದರೆ ಅದು ಅಂಜದೆ ಓಡಾಡುತ್ತದೆ. ಸ್ಥಳ ಬದಲಾದಂತೆಲ್ಲ ಮತ್ತೆ ಗೋಡೆ ಹಿಡಿದು ನಡೆಯಬೇಕಾಗುತ್ತದೆ. ನೆಲೆಯೆಂಬುದು ಅಂಥವರಿಗೆ ಅರ್ಧ ದೃಷ್ಟಿಯಿದ್ದಂತೆ. ಭೂದಾನ ಮಾಡಿದ ಆ ಮಹಾನುಭಾವರು ಸ್ಥಳವನ್ನಷ್ಟೇ ಅಲ್ಲ, ಈ ಅಭಯವನ್ನೂ ದಾನ ಮಾಡಿದರು.

ಆ ನೆರಳಿನಲ್ಲಿ ಗವಾಯಿಗಳವರು ಬಹುಕಾಲ ವಿಶ್ರಮಿಸುವ ಯೋಗವಿರಲಿಲ್ಲ. 1944ರ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಅವರು ಬಿಟ್ಟುಹೋದದ್ದು ಧನವನ್ನಲ್ಲ. ಒಂದು ಆಶ್ರಮ, ಒಂದು ನಾಟ್ಯಸಂಘ, ಮತ್ತು ಉಣ್ಣಬೇಕಾದ ಮಕ್ಕಳ ದೊಡ್ಡದೊಂದು ಪಂಕ್ತಿ. ಆ ಭಾರ ಅಂದು 30 ವರ್ಷದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು.

ಮುಂದುವರಿದ ಪರಂಪರೆ

ಸಂಸ್ಥಾಪಕನ ಕಣ್ಮರೆಯೊಂದಿಗೆ ಸಂಸ್ಥೆಯೂ ಕಣ್ಮರೆಯಾಗುವುದು ಲೋಕದಲ್ಲಿ ಮೇಲಿಂದಮೇಲೆ ಕಾಣುವ ಸಂಗತಿ. ಪುಣ್ಯಾಶ್ರಮದಲ್ಲಿ ಹಾಗಾಗಲಿಲ್ಲ. ಪುಟ್ಟರಾಜ ಗವಾಯಿಗಳು 66 ವರ್ಷ ಆ ಹೊಣೆಯನ್ನು ಹೊತ್ತರು. ಹಲವು ವಾದ್ಯಗಳಲ್ಲಿ ಪ್ರಾವೀಣ್ಯ ಪಡೆದು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥರಚನೆ ಮಾಡಿ, ನಾಟ್ಯಸಂಘಕ್ಕಾಗಿ ನಾಟಕಗಳನ್ನು ಬರೆದು, ಬ್ರೈಲ್ ಲಿಪಿಯಲ್ಲಿಯೂ ಕೃಷಿ ಮಾಡಿ ಮೆರೆದರು. ಭಕ್ತರು ಊರೂರಿನಲ್ಲಿ ಅವರಿಗೆ ತುಲಾಭಾರ ಮಾಡಿಸಿದರು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತೂಗಿದ್ದೆಲ್ಲ ಆಶ್ರಮದ ಮಕ್ಕಳ ಪಾಲಾಯಿತು. 2010ರಲ್ಲಿ ಪದ್ಮಭೂಷಣ ಗೌರವ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ 1968ರಲ್ಲಿ ಬಾಲಕನಾಗಿ ಆಶ್ರಮ ಸೇರಿ, ಅಲ್ಲಿಯೇ 12 ವರ್ಷ ಕಲಿತ ಎಂ. ವೆಂಕಟೇಶಕುಮಾರರು ಇಂದು ಹಿಂದುಸ್ತಾನಿ ಸಂಗೀತದ ಅಗ್ರಗಣ್ಯರಲ್ಲಿ ಒಬ್ಬರು. 2016ರಲ್ಲಿ ಪದ್ಮಶ್ರೀ ಪಡೆದವರು. ಪಂಚಾಕ್ಷರ ಗವಾಯಿಗಳವರ ಜೀವನವನ್ನಾಧರಿಸಿ 1995ರಲ್ಲಿ ತಯಾರಾದ ಕನ್ನಡ ಚಲನಚಿತ್ರ ಸಂಗೀತ ಹಾಗೂ ಗಾಯನಗಳಿಗೆ ರಾಷ್ಟ್ರಪ್ರಶಸ್ತಿಗಳನ್ನು ಗಳಿಸಿ ಅವರ ಹೆಸರನ್ನು ಹೊಸ ತಲೆಮಾರಿಗೆ ಮುಟ್ಟಿಸಿತು.

ಪ್ರಶಸ್ತಿ ಪಡೆದವರ ಹೆಸರನ್ನು ಲೋಕ ನೆನೆಯುತ್ತದೆ. ಆದರೆ ಆಶ್ರಮದ ನಿಜವಾದ ಸಾಧನೆ ಹೆಸರಿಲ್ಲದವರಲ್ಲಿದೆ. ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಮಠಗಳಲ್ಲಿ ಕೀರ್ತನಕಾರರಾಗಿ, ಪುರಾಣಪ್ರವಚನಗಳಲ್ಲಿ ಹಾರ್ಮೋನಿಯಂ-ತಬಲಾ ಸಾಥಿದಾರರಾಗಿ ಉತ್ತರ ಕರ್ನಾಟಕದ ಊರೂರಿನಲ್ಲಿ ಗೌರವದಿಂದ ಬಾಳಿದವರು ಬಹುಮಂದಿ. ಅವರಲ್ಲಿ ಒಬ್ಬೊಬ್ಬರೂ ಗುಡಿಯ ಮೆಟ್ಟಿಲಿನಿಂದ ಎದ್ದುಬಂದು ಗುಡಿಯ ಒಳಗಿನ ವೇದಿಕೆಯ ಮೇಲೆ ಕುಳಿತವರೇ ಸರಿ.

ಇಂದಿನವರ ಹೊಣೆ

ಗವಾಯಿಗಳವರ ಕಾಲದಲ್ಲಿ ಜೋಳಿಗೆ ಮಾಡಿದ ಕೆಲಸವನ್ನು ಇಂದು ಮಾಡಲು ಕಾನೂನುಗಳಿವೆ. 2015ರ ಬಾಲನ್ಯಾಯ ಕಾಯಿದೆಯಂತೆ ಪೋಷಣೆ-ರಕ್ಷಣೆ ಬೇಕಾದ ಮಗುವಿನ ಬಗ್ಗೆ ತೀರ್ಮಾನಿಸಲು ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಸಂಕಟದಲ್ಲಿರುವ ಮಗುವಿಗಾಗಿ 1098 ಎಂಬ ಸಹಾಯವಾಣಿ ಇದೆ. 2016ರ ಕಾಯಿದೆ ಅಂಗವಿಕಲರ ಹಕ್ಕುಗಳನ್ನು ಎತ್ತಿಹಿಡಿದಿದೆ. ಇವೆಲ್ಲ ದೊಡ್ಡ ಅನುಕೂಲಗಳು. ಆದರೆ ಕಾನೂನಿಗೆ ಮಗುವನ್ನು ಮೊದಲು ಯಾರಾದರೂ ತೋರಿಸಿಕೊಡಬೇಕು. ಕಾಡಶೆಟ್ಟಿಹಳ್ಳಿಯ ಬಾಲಕರ ಕಂಠಕ್ಕೆ ಕಿವಿಗೊಟ್ಟ ಒಬ್ಬ ಸ್ವಾಮಿಗಳಿದ್ದರು. ದೇವಗಿರಿಯ ಮಗುವಿನ ಬೆರಳನ್ನು ಗಮನಿಸಿದ ಒಬ್ಬ ಸೋದರಮಾವನಿದ್ದ. ಅವರು ಗಮನಿಸದೆ ಹೋಗಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳು ಘಟಪ್ರಭೆಯ ನೀರುಂಡು ಬೆಳೆದ ನಾಡು. ಇದೇ ಹೊಳೆ 2019ರ ಆಗಸ್ಟ್‌ನಲ್ಲಿ ಉಕ್ಕಿ ಬಂದಾಗ ಎಷ್ಟೋ ಮನೆಗಳು ನೆಲಕಚ್ಚಿದವು. ಮಕ್ಕಳು ಪುಸ್ತಕ-ಪಾಟಿಗಳನ್ನು ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ರಾತ್ರಿ ಕಳೆದರು. ಕಬ್ಬು ಕಡಿಯುವ ಸುಗ್ಗಿಯಲ್ಲಿ ತಂದೆತಾಯಿಗಳ ಬೆನ್ನುಹತ್ತಿ ಗುಡಿಸಲಿನಿಂದ ಗುಡಿಸಲಿಗೆ ಅಲೆಯುವ ಮಕ್ಕಳು ಇಂದಿಗೂ ಇದ್ದಾರೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬಿದ್ದಾಗ, ಆ ಗೆರೆಯ ಹಿಂದೆ ಒಂದು ಮನೆ ಮುರಿದಿರಬಹುದು, ಒಬ್ಬ ತಾಯಿ ಹಾಸಿಗೆ ಹಿಡಿದಿರಬಹುದು ಎಂದು ಎಣಿಸಿ ಆ ಮಗುವಿನ ಮನೆಯವರೆಗೆ ನಡೆದುಹೋಗುವ ಶಿಕ್ಷಕನೇ ಇಂದಿನ ಕುಮಾರ ಮಹಾಸ್ವಾಮಿ. ಉಚಿತ ಪ್ರಸಾದನಿಲಯದ ಒಂದು ತಟ್ಟೆಯ ವೆಚ್ಚವನ್ನು ಸದ್ದಿಲ್ಲದೆ ಹೊರುವ ದಾನಿಯೇ ಇಂದಿನ ಬಸರಿಗಿಡದ ವೀರಪ್ಪ. ಅದೇ ಪ್ರಸಾದವನ್ನುಂಡು ಬೆಳೆದು, ದುಡಿಮೆಗೆ ತೊಡಗಿದ ಮೇಲೆ ಇನ್ನೊಂದು ಮಗುವಿನ ಕೈಹಿಡಿಯುವ ಹಳೆಯ ವಿದ್ಯಾರ್ಥಿಯೇ ಇಂದಿನ ಪಂಚಾಕ್ಷರ.

ಗದಗಿನ ಪುಣ್ಯಾಶ್ರಮದಲ್ಲಿ ವರ್ಷವರ್ಷವೂ ಜೂನ್ ತಿಂಗಳಲ್ಲಿ ಗವಾಯಿಗಳವರ ಪುಣ್ಯಸ್ಮರಣೆ ನೆರವೇರುತ್ತದೆ. ಶಿಷ್ಯರು, ಶಿಷ್ಯರ ಶಿಷ್ಯರು ಕೂಡಿ ಗದ್ದುಗೆಯ ಮುಂದೆ ಸಂಗೀತಸೇವೆ ಸಲ್ಲಿಸುತ್ತಾರೆ. ಅಲ್ಲಿ ತಂಬೂರಿ ಶ್ರುತಿಗೂಡಿದಾಗಲೆಲ್ಲ, ಕಣ್ಣಿಲ್ಲದ ಗುರುವೊಬ್ಬರು ತಬ್ಬಲಿ ಮಗುವಿನ ಬೆರಳು ಹಿಡಿದು ತಂತಿಯ ಮೇಲಿಟ್ಟ ಆ ಮೊದಲ ಕ್ಷಣ ಮತ್ತೆ ಜೀವ ತಳೆಯುತ್ತದೆ. ಆ ಬೆರಳಿನ ಸ್ಪರ್ಶ ಕೈಯಿಂದ ಕೈಗೆ ಸಾಗಿ ಎಂದಿಗೂ ನಿಲ್ಲದಿರಲಿ.